ಸೆಕೆಂಡ್ ಹ್ಯಾಂಡ್ ಹಾಟ್ ಹ್ಯಾಚ್ ತಗೊಳ್ಳೋ ಮುಂಚೆ ನನ್ನ ಲೆಕ್ಕ ಒಮ್ಮೆ ನೋಡಿ

ಹೋದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಒಂದು ಗಾಡಿ ನೋಡಿದೀನಿ. ಹೊಸದಿದ್ದಾಗ 35 ಲಕ್ಷ, ಈಗ 17ಕ್ಕೆ ಕೊಡ್ತಾರಂತೆ. ತಗೊಳ್ಳಲಾ?" ಅಂದ. ಫೋಟೊ ಕಳಿಸಿದ. ಹಾಟ್ ಹ್ಯಾಚ್, ಅಂದರೆ ಜೋರು ಎಂಜಿನ್ ಇರುವ ಚಿಕ್ಕ ಹ್ಯಾಚ್‌ಬ್ಯಾಕ್ ಕಾರು. ಕೆಂಪು ಬಣ್ಣ, ನೆಲಕ್ಕೆ ತಾಗುವಂಥ ಮೂತಿ, ದೊಡ್ಡ ಅಲಾಯ್ ಚಕ್ರ, ಹೊರ ರಾಜ್ಯದ ನಂಬರ್. 2022ರಲ್ಲಿ ನಾನು ಕೊಂಡಿದ್ದೂ ಹೆಚ್ಚು ಕಡಿಮೆ ಅಂಥದ್ದೇ. ಆವತ್ತು ರಾತ್ರಿ ಅವನಿಗೆ ಫೋನಿನಲ್ಲಿ ಒಂದು ಗಂಟೆ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇನ್ಯಾರಿಗಾದರೂ ಉಪಯೋಗವಾಗಲಿ ಅಂತ.

ಮೊದಲೇ ಹೇಳಿಬಿಡುತ್ತೇನೆ. ಈ ಗಾಡಿಗಳ ಮೇಲೆ ನನಗೆ ದ್ವೇಷವಿಲ್ಲ. ಚಿಕ್ಕ ಗಾಡಿಗೆ ದೊಡ್ಡ ಎಂಜಿನ್ ಶಕ್ತಿ ಕೊಟ್ಟರೆ ಸಿಗುವ ಖುಷಿಯೇ ಬೇರೆ. 1976ರಲ್ಲಿ ಬಂದ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೆ ಇದ್ದದ್ದು ಬರೀ 110 ಅಶ್ವಶಕ್ತಿ. ಅಷ್ಟರಲ್ಲೇ ಅದು ಯೂರೋಪಿನಲ್ಲಿ ಈ ಜಾತಿಯ ಕಾರನ್ನು ಮನೆಮಾತಾಗಿಸಿತು. ದಿನವೂ ಆಫೀಸಿಗೆ ಹೋಗಬಹುದು, ಹಿಂದೆ ಸಾಮಾನು ತುಂಬಬಹುದು, ಭಾನುವಾರ ಬೆಳಗ್ಗೆ ಖಾಲಿ ರಸ್ತೆ ಸಿಕ್ಕರೆ ಮನಸಾರೆ ಓಡಿಸಬಹುದು. ಅದೇ ಆಸೆ ನನಗೂ ಇತ್ತು. ಹತ್ತು ವರ್ಷ ದುಡ್ಡು ಕೂಡಿಟ್ಟಿದ್ದೆ.

ನಾನು ಕೊಂಡ ಗಾಡಿಯ ಹೆಸರು ಹೇಳುವುದಿಲ್ಲ. ಯಾಕೆಂದರೆ ನನಗಾದ ನಷ್ಟ ಆ ಕಂಪನಿಯ ತಪ್ಪಿನಿಂದ ಆದದ್ದಲ್ಲ. ಹೊರದೇಶದಲ್ಲಿ ಪೂರ್ತಿ ತಯಾರಾಗಿ ಇಲ್ಲಿಗೆ ಬಂದ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಅದು. ಸುಮಾರು 200 ಅಶ್ವಶಕ್ತಿ. ನಾಲ್ಕು ವರ್ಷ ಹಳೆಯದು, 31 ಸಾವಿರ ಕಿಲೋಮೀಟರ್ ಓಡಿತ್ತು. ಉತ್ತರದ ಕಡೆಯ ನಂಬರ್. ಬೆಲೆ 18 ಲಕ್ಷ. ಹೊಸದಕ್ಕೆ 34 ಲಕ್ಷ ಇತ್ತು. ಅರ್ಧ ಬೆಲೆಗೆ ಸಿಕ್ತಿದೆ ಅಂದಾಗ ಲಾಭವೇ ಅನ್ನಿಸುತ್ತೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಮೊದಲ ಪೆಟ್ಟು ಆರ್‌ಟಿಒದಲ್ಲಿ ಬಿತ್ತು. "ಎನ್‌ಒಸಿ ನಾನೇ ಕೊಡಿಸ್ತೀನಿ ಸಾರ್, ಟ್ಯಾಕ್ಸ್ ಸ್ವಲ್ಪ ಬರುತ್ತೆ" ಅಂದಿದ್ದರು ಬ್ರೋಕರ್. (ಎನ್‌ಒಸಿ ಅಂದರೆ ಹಳೆಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ.) ಆ "ಸ್ವಲ್ಪ" ಎಷ್ಟು ಅಂತ ನಾನು ಬಿಡಿಸಿ ಕೇಳಲಿಲ್ಲ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕಾರಿಗೆ ಲೈಫ್ ಟ್ಯಾಕ್ಸ್ ಶೇಕಡಾ 18. ಅದರ ಮೇಲೆ ಸೆಸ್ ಸೇರಿದರೆ ಹತ್ತಿರ ಹತ್ತಿರ 20. ಹೊರ ರಾಜ್ಯದಿಂದ ತಂದ ಹಳೆಯ ಗಾಡಿಗೆ ವಯಸ್ಸು ನೋಡಿ ಸ್ವಲ್ಪ ಕಡಿಮೆ ಮಾಡುತ್ತಾರೆ, ನಿಜ. ಆದರೆ ಲೆಕ್ಕ ಶುರುವಾಗುವುದು ಗಾಡಿ ಹೊಸದಿದ್ದಾಗಿನ ಬೆಲೆಯಿಂದ. ನೀವು ಕೊಟ್ಟ ಬೆಲೆಯಿಂದಲ್ಲ. ಇಡೀ ವ್ಯವಹಾರದಲ್ಲಿ ನನಗೆ ಗೊತ್ತಿಲ್ಲದೇ ಹೋದ ಮುಖ್ಯ ಸಂಗತಿ ಇದೇ. 18 ಲಕ್ಷದ ಲೆಕ್ಕದಲ್ಲಿ ಎರಡು ಚಿಲ್ಲರೆ ಲಕ್ಷ ಬರಬಹುದು ಅಂದುಕೊಂಡಿದ್ದೆ. ಕಟ್ಟಿದ್ದು ಐದು ಲಕ್ಷಕ್ಕೆ ಹತ್ತಿರ. ಮೊದಲ ರಾಜ್ಯದಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದದ್ದು ವಾಪಸ್ ಬೇಕಾದರೆ ಅಲ್ಲಿಯೇ ಅರ್ಜಿ ಹಾಕಬೇಕು. ಹಾಕಿದೆ. ಗಾಡಿ ಮಾರುವವರೆಗೂ ಬರಲಿಲ್ಲ.

ಇನ್ಶೂರೆನ್ಸ್ ವರ್ಷಕ್ಕೆ 62 ಸಾವಿರ. ಅದು ಮೊದಲೇ ಗೊತ್ತಿತ್ತು, ಅದಕ್ಕೆ ದೂರಿಲ್ಲ.

ಆಮೇಲೆ ರಸ್ತೆ. ಟೈರಿನ ಸೈಜು 225/40 ಆರ್ 18. ಕೊಳ್ಳುವಾಗ ಈ ಸಂಖ್ಯೆ ನೋಡಿ ಖುಷಿಪಟ್ಟಿದ್ದೆ. ಅದನ್ನು ಓದುವುದು ಹೀಗೆ: ಟೈರಿನ ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 40. ಅಂದರೆ ರಬ್ಬರಿನ ಗೋಡೆ ಬರೀ 9 ಸೆಂಟಿಮೀಟರ್. 185/65 ಆರ್ 15 ಟೈರಿರುವ ಮಾಮೂಲಿ ಹ್ಯಾಚ್‌ಬ್ಯಾಕಿನಲ್ಲಿ ಅದು 12 ಸೆಂಟಿಮೀಟರ್. ಮೂರೇ ಸೆಂಟಿಮೀಟರ್ ವ್ಯತ್ಯಾಸ. ಆದರೆ ಮಳೆಗಾಲದ ಬೆಂಗಳೂರಿನಲ್ಲಿ, ನೀರು ತುಂಬಿದ ಗುಂಡಿಗೆ ಚಕ್ರ ಇಳಿದಾಗ ಆ ಮೂರು ಸೆಂಟಿಮೀಟರಿನ ಬೆಲೆ ಗೊತ್ತಾಗುತ್ತೆ. ಒಂದು ಜುಲೈ ರಾತ್ರಿ ಹೆಬ್ಬಾಳದ ಹತ್ತಿರ ಎಡಗಡೆಯ ಎರಡೂ ಟೈರಿನ ಪಕ್ಕ ಸೀಳಿತು. ಒಂದು ಅಲಾಯ್ ಬಾಗಿತು. ಗಾಡಿಯಲ್ಲಿ ಸ್ಟೆಪ್ನಿ ಇರಲಿಲ್ಲ. ಪಂಕ್ಚರ್ ಆದರೆ ತುಂಬಲು ಒಂದು ಡಬ್ಬಿ ಅಂಟು ಇತ್ತು ಅಷ್ಟೆ. ಸೀಳಿದ ಟೈರಿಗೆ ಅದರಿಂದ ಏನೂ ಆಗುವುದಿಲ್ಲ. ಹೆಂಡತಿ, ಮಗು ಗಾಡಿಯಲ್ಲಿದ್ದರು. ಟೋಯಿಂಗ್ ಗಾಡಿ ಬರಲು ಎರಡೂವರೆ ಗಂಟೆ ಹಿಡಿಯಿತು. ಆ ಎರಡೂವರೆ ಗಂಟೆ ನಾನು ಮರೆಯುವುದಿಲ್ಲ.

ಮಾಮೂಲಿ ಇನ್ಶೂರೆನ್ಸ್ ಪಾಲಿಸಿಯಲ್ಲಿ ಟೈರಿಗೆ ಮಾತ್ರ ಪೆಟ್ಟಾದರೆ ದುಡ್ಡು ಬರುವುದಿಲ್ಲ. ಅದೇ ಹೊತ್ತಿಗೆ ಗಾಡಿಗೂ ಪೆಟ್ಟಾಗಿದ್ದರೆ ಅರ್ಧ ಕೊಡುತ್ತಾರೆ. ಪೂರ್ತಿ ಬೇಕಾದರೆ ಟೈರಿಗೆ ಬೇರೆ ಆಡ್-ಆನ್ ಹಾಕಿಸಿರಬೇಕು. ನಾನು ಹಾಕಿಸಿರಲಿಲ್ಲ. ಎರಡು ಟೈರ್, ಒಂದು ಅಲಾಯ್, ಅಲೈನ್‌ಮೆಂಟ್ ಸೇರಿ 96 ಸಾವಿರ ಆಯಿತು. ಅಲಾಯ್ ಬರುವುದಕ್ಕೆ ಏಳು ವಾರ ಕಾದೆ. ನೂರಿನ್ನೂರು ಮಾತ್ರ ಮಾರಾಟವಾದ ಗಾಡಿಗೆ ಸ್ಪೇರ್ ಪಾರ್ಟ್ ಯಾರೂ ಇಟ್ಟುಕೊಂಡು ಕೂತಿರುವುದಿಲ್ಲ. ಹೊರಗಿನಿಂದ ತರಿಸಬೇಕು.

ಇಷ್ಟೆಲ್ಲ ಆದರೂ ನಾನು ತಡೆದುಕೊಳ್ಳುತ್ತಿದ್ದೆ. ನನ್ನನ್ನು ಮುರಿದದ್ದು ಗೇರ್‌ಬಾಕ್ಸ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲರೂ ಮೋಸ ಹೋಗುವುದು ಇಲ್ಲಿಯೇ.

ಈ ಜಾತಿಯ ಬಹಳಷ್ಟು ಗಾಡಿಗಳಲ್ಲಿ ಇರುವುದು ಎರಡು ಕ್ಲಚ್ಚಿನ ಆಟೊಮ್ಯಾಟಿಕ್. ಒಂದು ಕ್ಲಚ್ 1, 3, 5ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕಾಯುತ್ತಿರುತ್ತೆ. ಹಾಗಾಗಿ ಗೇರ್ ಬಿದ್ದಿದ್ದೇ ಗೊತ್ತಾಗುವುದಿಲ್ಲ. ಹೈವೇಯಲ್ಲಿ ಇದು ಅದ್ಭುತ. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಹಾಗಲ್ಲ. ಎರಡಡಿ ಮುಂದೆ, ನಿಲ್ಲು, ಮತ್ತೆ ಎರಡಡಿ. ಪ್ರತಿ ಸಲ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತೆ. ಬಿಸಿ ಏರುತ್ತೆ, ಬೇಗ ಸವೆಯುತ್ತೆ.

ಅದರ ಮೇಲೆ ರೀಮ್ಯಾಪ್ ಮಾಡಿಸಿದ್ದರೆ ಕಥೆ ಮುಗಿಯಿತು. ರೀಮ್ಯಾಪ್ ಅಂದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್ ಬದಲಿಸಿ ಟರ್ಬೊ ಒತ್ತಡ, ಇಂಧನ ಎಲ್ಲ ಏರಿಸುವುದು. ಗೇರ್‌ಬಾಕ್ಸ್ ಮಾತ್ರ ಮೊದಲಿದ್ದದ್ದೇ. ಅದು ತಡೆಯುವ ಟಾರ್ಕಿಗೆ, ಅಂದರೆ ಎಂಜಿನ್ನಿನ ತಿರುಗಿಸುವ ಬಲಕ್ಕೆ, ಒಂದು ಮಿತಿ ಇರುತ್ತೆ. ಎಂಜಿನ್ ಆ ಮಿತಿ ದಾಟಿ ತಳ್ಳಿದರೆ ಕ್ಲಚ್ ಸೋಲುತ್ತೆ.

ನನ್ನ ಗಾಡಿಗೆ ಹಿಂದಿನ ಓನರ್ ರೀಮ್ಯಾಪ್ ಮಾಡಿಸಿದ್ದರು. ಮಾರುವ ಮುಂಚೆ ಹಳೆಯ ಸಾಫ್ಟ್‌ವೇರನ್ನೇ ವಾಪಸ್ ಹಾಕಿಸಿದ್ದರು. ನನಗೆ ಯಾರೂ ಹೇಳಲಿಲ್ಲ. ಹದಿನಾಲ್ಕು ತಿಂಗಳಾದ ಮೇಲೆ ನೆಲಮಂಗಲ ದಾಟಿದ ತಕ್ಷಣ ಗಾಡಿ ಜರ್ಕ್ ಹೊಡೆಯಿತು, ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಗುರುತು ಮಿನುಗಿತು, ಆಮೇಲೆ ಸಮ ಸಂಖ್ಯೆಯ ಗೇರುಗಳೇ ಹೋದವು. ಕ್ಲಚ್, ಅದನ್ನು ನಡೆಸುವ ಎಲೆಕ್ಟ್ರಾನಿಕ್ ಭಾಗ, ಕೂಲಿ ಎಲ್ಲ ಸೇರಿ ಎಸ್ಟಿಮೇಟ್ 4 ಲಕ್ಷ 60 ಸಾವಿರ. ನನ್ನ ಹತ್ತಿರ ಎಕ್ಸ್‌ಟೆಂಡೆಡ್ ವಾರಂಟಿ ಇತ್ತು. ಧೈರ್ಯವಾಗಿಯೇ ಇದ್ದೆ. ಅವರು ಗಾಡಿಯ ಕಂಪ್ಯೂಟರ್ ಪರೀಕ್ಷೆ ಮಾಡಿದರು. ಸಾಫ್ಟ್‌ವೇರ್ ಎಷ್ಟು ಸಲ ಬರೆಯಲಾಗಿದೆ ಅನ್ನುವ ಲೆಕ್ಕ ಅದರಲ್ಲಿ ಉಳಿದಿತ್ತು. ಸರ್ವಿಸ್ ದಾಖಲೆಗೂ ಅದಕ್ಕೂ ತಾಳೆಯಾಗಲಿಲ್ಲ. ವಾರಂಟಿ ರದ್ದು ಅಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ ಇತ್ತು. ಬ್ರೋಕರ್ ಫೋನ್ ಎತ್ತುವುದು ನಿಲ್ಲಿಸಿದರು. ನನ್ನ ಕೈಯಲ್ಲಿ ಬರವಣಿಗೆಯಲ್ಲಿ ಏನೂ ಇರಲಿಲ್ಲ.

ಕಾನೂನಿನ ಮಾತೂ ಹೇಳಬೇಕು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೂ ಓನರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಇದೆ. ಎರಡೂ ಆಗಬಹುದು. ಗಾಡಿ ನಿಮ್ಮ ಹೆಸರಿಗೆ ಬಂದ ಮೇಲೆ, ಅದರಲ್ಲಿರುವ ಸೈಲೆನ್ಸರ್ ಹಿಂದಿನವರು ಹಾಕಿಸಿದ್ದು ಅಂತ ಪೊಲೀಸರ ಹತ್ತಿರ ವಾದ ಮಾಡಿ ಗೆಲ್ಲುವುದು ಕಷ್ಟ.

ಹಾಗಾದರೆ ಹೊಸದೇ ಕೊಂಡರೆ ದುಡ್ಡಿಗೆ ಬೆಲೆ ಸಿಗುತ್ತಾ? ತಮ್ಮನೂ ಇದನ್ನೇ ಕೇಳಿದ. 2025ರ ಮೇ ತಿಂಗಳಲ್ಲಿ ಗಾಲ್ಫ್ ಜಿಟಿಐ ಭಾರತಕ್ಕೆ ಬಂತು. ಆಗ ಎಕ್ಸ್ ಶೋರೂಮ್, ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಬಿಟ್ಟು, 53 ಲಕ್ಷ ಇತ್ತು. ಬೆಂಗಳೂರಿನಲ್ಲಿ ಟ್ಯಾಕ್ಸೇ ಹತ್ತು ಲಕ್ಷ ದಾಟುತ್ತಿತ್ತು. ರಸ್ತೆಗೆ ಇಳಿಯುವಾಗ 65 ಲಕ್ಷದ ಹತ್ತಿರ. ಅದರ ಶಕ್ತಿ 265 ಅಶ್ವಶಕ್ತಿ, ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಆರು ಸೆಕೆಂಡೂ ಬೇಡ. ಗಾಡಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೇ ವೇಗದ ಮಿತಿ 100. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಹಾಕುತ್ತಾರೆ, ಮತ್ತು ಹಾಕಲೇಬೇಕು. ಆ ರಸ್ತೆಯಲ್ಲಿ ಎಷ್ಟು ಜೀವ ಹೋಗಿವೆ ಅಂತ ನಮಗೆಲ್ಲ ಗೊತ್ತಿದೆ. ಗಾಡಿಯ ನಿಜವಾದ ಶಕ್ತಿ ನೋಡಬೇಕೆಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹೊರಗಿನ ಟ್ರ್ಯಾಕಿಗೋ ಹೋಗಬೇಕು. ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ?

ಈಗ ವಾಪಸ್ ಮಾರುವಾಗ ಸಿಗುವ ಬೆಲೆ ನೋಡಿ. ಪೋಲೊ ಜಿಟಿಐ 2016ರ ಕೊನೆಯಲ್ಲಿ 25.65 ಲಕ್ಷಕ್ಕೆ ಬಂತು. ಕೆಲ ಕಾಲದಲ್ಲೇ ಕಂಪನಿಯೇ ಬೆಲೆಯನ್ನು 19.99 ಲಕ್ಷಕ್ಕೆ ಇಳಿಸಿತು. ಮೊದಲು ಕೊಂಡವರ ಗಾಡಿಯ ಬೆಲೆ ಒಂದೇ ಏಟಿಗೆ ಏನಾಯಿತು ಅಂತ ಯೋಚಿಸಿ. ಕಡಿಮೆ ಸಂಖ್ಯೆಯಲ್ಲಿ ಬರುವ ಗಾಡಿಗಳ ಮರುಮಾರಾಟ ಹೀಗೇ. ಪ್ರೀತಿಸುವ ಒಬ್ಬ ಸಿಕ್ಕರೆ ಒಳ್ಳೆಯ ಬೆಲೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ನಿಂತೇ ಇರುತ್ತೆ.

ನನ್ನ ಅಭಿಪ್ರಾಯ ಇಷ್ಟು. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಇದಕ್ಕೆ ಹಾಕುವ ದುಡ್ಡು ಪೂರ್ತಿ ಹೋದರೂ ಮನೆ ನಡೆಯುತ್ತೆ ಅನ್ನುವವರು ತಗೊಳ್ಳಲಿ, ಖುಷಿಪಡಲಿ. ಒಂದೇ ಗಾಡಿ ಇರುವ, ಸಾಲ ಮಾಡಿ ಕೊಳ್ಳುವ ಮನೆಗೆ ಇದು ಬೇಡ. ಓಡಿಸುವ ಆಸೆ ಜಾಸ್ತಿ ಇದ್ದರೆ ಹತ್ತು ಹನ್ನೆರಡು ಲಕ್ಷದ ಆಸುಪಾಸಿನ ಟರ್ಬೊ ಹ್ಯಾಚ್‌ಬ್ಯಾಕ್ ನೋಡಿ. ಐ20 ಎನ್ ಲೈನ್ ಇದೆ, 2024ರಲ್ಲಿ ಆಲ್ಟ್ರೋಜ್ ರೇಸರ್ ಬಂತು, ಎರಡರಲ್ಲೂ 120 ಅಶ್ವಶಕ್ತಿ. ಸಕಲೇಶಪುರದ ತಿರುವುಗಳಲ್ಲಿ ಇಷ್ಟು ಶಕ್ತಿ ಧಾರಾಳ ಸಾಕು. ವಾರಂಟಿ ಇರುತ್ತೆ, ಹಾಸನದಲ್ಲೂ ಸರ್ವಿಸ್ ಸಿಗುತ್ತೆ.

ಆದರೂ ಹಳೆಯ ಹಾಟ್ ಹ್ಯಾಚೇ ಬೇಕು ಅನ್ನುವವರಿಗೆ, ನಾನು ತಮ್ಮನಿಗೆ ಹೇಳಿದ್ದನ್ನೇ ಹೇಳುತ್ತೇನೆ. ಅಡ್ವಾನ್ಸ್ ಕೊಡುವ ಮುಂಚೆ ಚಾಸಿ ನಂಬರ್ ಹಿಡಿದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಪೂರ್ತಿ ದಾಖಲೆ ಕೇಳಿ. ಬ್ರೋಕರ್ ಹೇಳಿದ ಗ್ಯಾರೇಜ್ ಬಿಟ್ಟು ನಿಮಗೆ ಗೊತ್ತಿರುವ ಕಡೆ ಸ್ಕ್ಯಾನ್ ಮಾಡಿಸಿ, ಸಾಫ್ಟ್‌ವೇರ್ ಬದಲಾದ ಗುರುತಿದೆಯಾ ಅಂತಲೇ ನೇರವಾಗಿ ಕೇಳಿ. ಟೆಸ್ಟ್ ಡ್ರೈವ್ ಸಂಜೆ ಆರು ಗಂಟೆಯ ಟ್ರಾಫಿಕ್ಕಿನಲ್ಲಿ ಮಾಡಿ, ಮುಕ್ಕಾಲು ಗಂಟೆಯಾದರೂ ಓಡಿಸಿ. ಗೇರ್‌ಬಾಕ್ಸ್ ಬಿಸಿಯಾದ ಮೇಲೆಯೇ ಅದರ ಬಣ್ಣ ಬಯಲಾಗುವುದು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕೂ ಟೈರ್ ನೋಡಿ. ಹೊರ ರಾಜ್ಯದ ನಂಬರಾದರೆ ನೀವೇ ಆರ್‌ಟಿಒಗೆ ಹೋಗಿ ಟ್ಯಾಕ್ಸ್ ಲೆಕ್ಕ ಹಾಕಿಸಿಕೊಂಡು ಬನ್ನಿ. "ರೀಮ್ಯಾಪ್ ಆಗಿಲ್ಲ, ಆಗಿದ್ದು ಗೊತ್ತಾದರೆ ದುಡ್ಡು ವಾಪಸ್" ಅಂತ ಮಾರುವವರ ಕೈಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ನನ್ನ ಗಾಡಿಯನ್ನು ರಿಪೇರಿ ಮಾಡಿಸಿ ಮಾರಿದೆ. ಪ್ರತಿ ಬಿಲ್ಲು, ವಾರಂಟಿಯವರ ಪತ್ರ, ಸ್ಕ್ಯಾನ್ ರಿಪೋರ್ಟು ಎಲ್ಲ ಒಂದು ಫೈಲಿನಲ್ಲಿ ಹಾಕಿಟ್ಟಿದ್ದೆ. ಮೊದಲು ನೋಡಲು ಬಂದವನು ತುಮಕೂರಿನ ಹುಡುಗ. ಗಾಡಿ ನೋಡಿದ ತಕ್ಷಣ ಅವನ ಕಣ್ಣು ಅರಳಿತು. ಕೂರಿಸಿ, ಕಾಫಿ ಕೊಟ್ಟು, ಫೈಲ್ ಮುಂದಿಟ್ಟೆ. ಅರ್ಧ ಗಂಟೆ ಓದಿದ. "ಥ್ಯಾಂಕ್ಸ್ ಸಾರ್, ನನ್ನ ಕೈಯಲ್ಲಿ ಆಗಲ್ಲ" ಅಂತ ಎದ್ದು ಹೋದ. ಇನ್ನೂ ನಾಲ್ಕು ತಿಂಗಳು ಕಾದು, ಎಲ್ಲ ತಿಳಿದೇ ಕೊಂಡ ಒಬ್ಬರಿಗೆ 11 ಲಕ್ಷಕ್ಕೆ ಕೊಟ್ಟೆ. ನೀವೂ ಯಾವುದಾದರೂ ಗಾಡಿ ನೋಡಿಟ್ಟಿದ್ದರೆ ಕೇಳಿ. ಆ ಫೈಲಿನ ಜೆರಾಕ್ಸ್ ನನ್ನ ಹತ್ತಿರ ಇನ್ನೂ ಇದೆ.