ಫಾಕ್ಸ್ ಹಂಟ್‌ಗೆ ಹೊರಟವರೇ, ಹಳೇ ಕಲ್ಲು ಕ್ವಾರಿ ಇರುವ ಕಡೆ ಸಿಗ್ನಲ್ ಹಿಂದೆ ಓಡಬೇಡಿ

ಹೊಸದಾಗಿ ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಿ ರೇಡಿಯೋ ಬಳಸುವ ಪರವಾನಗಿ ತೆಗೆದುಕೊಂಡು, ಕೈಯಲ್ಲಿ ಆಂಟೆನಾ ಹಿಡಿದು ಬೆಟ್ಟಗುಡ್ಡ ಸುತ್ತಲು ಹೊರಟಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಡಿಸೆಂಬರ್‌ನಲ್ಲಿ ಮಾಗಡಿ ಕಡೆಯ ಒಂದು ಬೆಟ್ಟದ ಬುಡದಲ್ಲಿ ನಾನು ಹಳೇ ಕಲ್ಲು ಕ್ವಾರಿಯೊಳಗೆ ಬಿದ್ದೆ. ಕಾಲು ಮುರಿಯಿತು. ಎರಡು ಗಂಟೆಗೂ ಜಾಸ್ತಿ ಹೊತ್ತು ನಾನು ಎಲ್ಲಿದ್ದೇನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆಡು ಮೇಯಿಸಲು ಬಂದಿದ್ದ ಒಬ್ಬ ಅಜ್ಜಿ ನನ್ನನ್ನು ಉಳಿಸಿದರು.

ಈ ಫಾಕ್ಸ್ ಹಂಟ್ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆ ಸಣ್ಣ ಟ್ರಾನ್ಸ್‌ಮಿಟರ್ ಬಚ್ಚಿಡುತ್ತಾರೆ, ಅದೇ ನರಿ. ದಿಕ್ಕು ತೋರಿಸುವ ಆಂಟೆನಾ ಹಿಡಿದು ಕಾಲ್ನಡಿಗೆಯಲ್ಲಿ ಅದನ್ನು ಹುಡುಕಬೇಕು. ಯುರೋಪಿನಲ್ಲಿ ಇದು ದೊಡ್ಡ ಕ್ರೀಡೆ. ಮೊದಲ ವಿಶ್ವ ಚಾಂಪಿಯನ್‌ಶಿಪ್ 1980ರಲ್ಲೇ ಪೋಲೆಂಡಿನಲ್ಲಿ ನಡೆಯಿತು. ಅಲ್ಲಿ ಐದು ನರಿಗಳು ಒಂದಾದ ಮೇಲೊಂದು, ತಲಾ ಒಂದು ನಿಮಿಷ ಮೋರ್ಸ್‌ನಲ್ಲಿ ಕೂಗುತ್ತವೆ. ಎಂಓಇ, ಎಂಓಐ, ಎಂಓಎಸ್, ಎಂಓಎಚ್, ಎಂಓ5. ಮೋರ್ಸ್ ಬರದವರಿಗೂ ಸುಲಭ. ಮೋರ್ಸ್‌ನ ಗಿಡ್ಡ ಸದ್ದು ಡಿಟ್, ಉದ್ದ ಸದ್ದು ಡಾ. ಕೊನೆಯಲ್ಲಿ ಒಂದು ಡಿಟ್ ಕೇಳಿದರೆ ಒಂದನೇ ನರಿ, ಮೂರು ಡಿಟ್ ಕೇಳಿದರೆ ಮೂರನೇ ನರಿ. ಐದು ನಿಮಿಷಕ್ಕೊಮ್ಮೆ ನಿಮ್ಮ ನರಿಯ ಸರದಿ ಬರುತ್ತದೆ. ಸಿಗುವುದು ಅರವತ್ತು ಸೆಕೆಂಡು. ಆಮೇಲೆ ನಾಲ್ಕು ನಿಮಿಷ ಮೌನ.

ಆ ಅರವತ್ತು ಸೆಕೆಂಡು ಮನುಷ್ಯನನ್ನು ಹೇಗೆ ಓಡಿಸುತ್ತದೆ ಅನ್ನುವುದು ಆಡಿದವರಿಗೇ ಗೊತ್ತು. ಈಗ ತಪ್ಪಿದರೆ ಇನ್ನು ನಾಲ್ಕು ನಿಮಿಷ ಕಾಯಬೇಕಲ್ಲ ಅಂತ ಕಾಲು ತಾನಾಗಿಯೇ ಬೇಗ ಬೇಗ ಹೋಗುತ್ತದೆ. ಕಿವಿಯಲ್ಲಿ ಹೆಡ್‌ಫೋನ್, ಕಣ್ಣು ರೇಡಿಯೋದ ಮೀಟರ್ ಮೇಲೆ. ನೆಲ ನೋಡುವವರು ಯಾರೂ ಇಲ್ಲ.

ಅವತ್ತು ನಾವು ಹದಿನಾಲ್ಕು ಜನ ಇದ್ದೆವು, ಮೂರು ನರಿ ಇಟ್ಟಿದ್ದರು. ಏರ್ಪಡಿಸಿದ ಗುಂಪಿನ ಹೆಸರು ಹೇಳುವುದಿಲ್ಲ. ಅವರೆಲ್ಲ ಒಳ್ಳೆಯವರೇ, ನನಗೆ ಬೇಕಾದವರೇ. 144 ಮೆಗಾಹರ್ಟ್ಸ್ ಬ್ಯಾಂಡ್, ಅಂದರೆ ಅಲೆಯ ಉದ್ದ ಸುಮಾರು ಎರಡು ಮೀಟರ್ ಇರುವ ನಮ್ಮ "ಎರಡು ಮೀಟರ್" ಬ್ಯಾಂಡ್. ನನ್ನ ಕೈಯಲ್ಲಿದ್ದದ್ದು ಎಲ್ಲರೂ ಮನೆಯಲ್ಲೇ ಮಾಡಿಕೊಳ್ಳುವ ಯಾಗಿ ಅನ್ನುವ ದಿಕ್ಕು ತೋರಿಸುವ ಆಂಟೆನಾ: ಪಿವಿಸಿ ಪೈಪು, ಅದಕ್ಕೆ ಅಡ್ಡಡ್ಡ ಕಟ್ಟಿದ ಅಳತೆಯ ಸ್ಟೀಲ್ ಟೇಪಿನ ಮೂರು ತುಂಡು. ಅದರ ಹಿಡಿಯಲ್ಲೇ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೋ, ಸಿಕ್ಕಿಸಿದ್ದೆ. ಪಕ್ಕದಲ್ಲೇ ಕಂಪಾಸ್.

ನಕ್ಷೆ ಅಂತ ಕೊಟ್ಟಿದ್ದು ಉಪಗ್ರಹ ಚಿತ್ರದ ಪ್ರಿಂಟು. ವಿದೇಶದ ಪಂದ್ಯಗಳಲ್ಲಿ ಇದಕ್ಕೆಂದೇ ತಯಾರಿಸಿದ 1:10,000 ಅಥವಾ 1:15,000 ಅಳತೆಯ ನಕ್ಷೆ ಕೊಡುತ್ತಾರೆ. ಕಡಿದಾದ ಬಂಡೆ, ಗುಂಡಿ, ಹೋಗಬಾರದ ಜಾಗ ಎಲ್ಲಕ್ಕೂ ಅದರಲ್ಲಿ ಗುರುತು ಇರುತ್ತದೆ. ನಮ್ಮ ಪ್ರಿಂಟಿನಲ್ಲಿ ಕ್ವಾರಿ ಇದ್ದ ಜಾಗ ಬರೀ ಹಸಿರು ಮಚ್ಚೆ. ಅದರ ನಡುವೆ ಒಂದು ಕಪ್ಪು ನೆರಳು. ನಾನು ಅದನ್ನು ಮರದ ನೆರಳು ಅಂದುಕೊಂಡೆ.

ಬೆಳಿಗ್ಗೆ ಹತ್ತಕ್ಕೆ ಬಿಟ್ಟರು. ಹನ್ನೊಂದೂಕಾಲರ ಹೊತ್ತಿಗೆ ಎರಡು ನರಿ ಸಿಕ್ಕಿತ್ತು. ಒಂದು ರಾಗಿ ಮೆದೆಯ ಹಿಂದೆ, ಇನ್ನೊಂದು ನೀಲಗಿರಿ ತೋಪಿನಲ್ಲಿ. ತುಂಬಾ ಖುಷಿಯಲ್ಲಿದ್ದೆ. ಮೂರನೇದಕ್ಕೆ ಆಂಟೆನಾ ತಿರುಗಿಸಿದಾಗ ಪಶ್ಚಿಮಕ್ಕೆ ಸಿಗ್ನಲ್ ಚೆನ್ನಾಗಿ ಬಂತು. ಮೀಟರಿನಲ್ಲಿ ಐದು ಗೆರೆ. ಪೂರ್ವಕ್ಕೆ ತಿರುಗಿಸಿದರೆ ಎರಡೇ ಗೆರೆ. ಇನ್ನೇನು ಬೇಕು ಅಂತ ಪಶ್ಚಿಮಕ್ಕೆ ಹೊರಟೆ. ಮುಂದಿನ ಸರದಿಗೆ ಆರು ಗೆರೆ ಆಯಿತು. ನೆಲ ಸ್ವಲ್ಪ ಏರುತ್ತಿತ್ತು. ಮುಂದೆ ಎದೆಮಟ್ಟ ಲಂಟಾನ.

ಮೂರನೇ ಸರದಿ ಬಂದಾಗ ನಾನು ಆ ಲಂಟಾನದ ಒಳಗಿದ್ದೆ. ಡಾ ಡಾ, ಡಾ ಡಾ ಡಾ, ಡಿಟ್ ಡಿಟ್ ಡಿಟ್. ಮೀಟರ್ ಪೂರ್ತಿ ತುಂಬಿತ್ತು. ಆಂಟೆನಾವನ್ನು ಮುಂದೆ ಚಾಚಿ, ಮುಳ್ಳು ಸರಿಸುತ್ತಾ ನಾಲ್ಕು ಹೆಜ್ಜೆ ಬೇಗ ಬೇಗ ಇಟ್ಟೆ. ಐದನೇ ಹೆಜ್ಜೆಗೆ ಕಾಲ ಕೆಳಗೆ ಏನೂ ಇರಲಿಲ್ಲ.

ಒಂದೂವರೆ ಆಳು ಕೆಳಗೆ ಬಿದ್ದೆ. ಕ್ವಾರಿಯಲ್ಲಿ ಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿರುತ್ತಾರಲ್ಲ, ಅಂಥ ಒಂದು ಮೆಟ್ಟಿಲು ನನ್ನನ್ನು ಹಿಡಿದುಕೊಂಡಿತು. ಅಗಲ ಒಂದು ಮಂಚದಷ್ಟು. ಅದರಾಚೆ ಮತ್ತೆ ಪ್ರಪಾತ, ಕೆಳಗೆ ಹಸಿರುಗಟ್ಟಿದ ನೀರು. ಎದುರಿಗೆ, ಗುಂಡಿಯ ಆ ಬದಿಗೆ, ಗೋಡೆಯ ಹಾಗೆ ನೆಟ್ಟಗೆ ನಿಂತ ಬಿಳಿ ಬಂಡೆ. ಡ್ರಿಲ್ ಇಳಿಸಿದ ತೂತುಗಳ ಅರ್ಧ ಗುರುತು ಮೇಲಿಂದ ಕೆಳಗೆ ಸಾಲಾಗಿ, ತಲೆ ಬಾಚಿದ ಗೆರೆಗಳ ಹಾಗೆ ಕಾಣುತ್ತಿತ್ತು. ಅಷ್ಟು ಹೊತ್ತೂ ನನ್ನ ಆಂಟೆನಾ ನೆಟ್ಟಗೆ ತೋರಿಸುತ್ತಿದ್ದದ್ದು ಆ ಗೋಡೆಯನ್ನೇ.

ನರಿ ಇದ್ದದ್ದು ಹೆಚ್ಚುಕಡಿಮೆ ನನ್ನ ಬೆನ್ನ ಹಿಂದೆ. ಒಂದು ಸಣ್ಣ ದಿಬ್ಬದ ಆಚೆ, ಕೆರೆ ಏರಿಯ ಹೊಂಗೆ ಮರದ ಬುಡದಲ್ಲಿ. ದಿಬ್ಬ ಅಡ್ಡ ಬಂದಿದ್ದರಿಂದ ನೇರ ಸಿಗ್ನಲ್ ನನಗೆ ಬಡಕಲಾಗಿ ಬರುತ್ತಿತ್ತು. ಕ್ವಾರಿಯ ಗೋಡೆ ಎತ್ತರದಲ್ಲಿದ್ದು ಕೆರೆ ಏರಿಗೆ ಚೆನ್ನಾಗಿ ಕಾಣುತ್ತಿತ್ತು. ಸಿಗ್ನಲ್ ಅದಕ್ಕೆ ಹೊಡೆದು ನನ್ನ ಕಡೆಗೆ ವಾಪಸ್ ಬರುತ್ತಿತ್ತು. ಎರಡು ಮೀಟರ್ ಅಲೆ ಹಾಗೆಯೇ. ಬಂಡೆ, ದೊಡ್ಡ ಕಟ್ಟಡ, ತಗಡಿನ ಶೆಡ್ಡು, ಯಾವುದು ಸಿಕ್ಕರೂ ಪುಟಿದು ಬರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ರಾಮನಗರ, ಮಾಗಡಿ, ಕನಕಪುರ ಕಡೆ ಆಡುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಆ ಪಟ್ಟಿ ಪೂರ್ತಿ ಗ್ರಾನೈಟ್. ಭೂವಿಜ್ಞಾನದವರು ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ, ರಾಮನಗರದ ಹಳೇ ಹೆಸರು ಅದು. ಕಲ್ಲು ಚೆನ್ನಾಗಿದ್ದ ಕಡೆ ಕ್ವಾರಿ ಇರುತ್ತದೆ. ಕ್ವಾರಿ ಇದ್ದ ಕಡೆ ಕತ್ತರಿಸಿದ ನುಣ್ಣನೆಯ ಗೋಡೆ ಇರುತ್ತದೆ. ಗೋಡೆಯ ಮುಂದೆ ಗುಂಡಿ ಇದ್ದೇ ಇರುತ್ತದೆ. ಪುಟಿದು ಬಂದ ಸಿಗ್ನಲ್ ನಂಬಿ ನೇರ ನಡೆದರೆ ಗೋಡೆ ಮುಟ್ಟುವ ಮುಂಚೆ ಗುಂಡಿ ಸಿಗುತ್ತದೆ.

ಹ್ಯಾಂಡಿಯಲ್ಲಿ ಕೂಗಿದೆ. ಯಾರೂ ಉತ್ತರ ಕೊಡಲಿಲ್ಲ. ಎಲ್ಲರೂ ನರಿಯ ಫ್ರೀಕ್ವೆನ್ಸಿಯಲ್ಲಿ ಮುಳುಗಿದ್ದರು, ತೊಂದರೆಯಾದರೆ ಕರೆಯಲು ಬೇರೆ ಫ್ರೀಕ್ವೆನ್ಸಿ ಅಂತ ನಾವು ಗೊತ್ತು ಮಾಡಿರಲಿಲ್ಲ. ನರಿಯ ಫ್ರೀಕ್ವೆನ್ಸಿಯಲ್ಲೇ ಕೂಗಿ ನೋಡಿದೆ. ಸುತ್ತ ಕಲ್ಲು, ನಾನು ಗುಂಡಿಯ ಒಳಗೆ. ನನ್ನ ಧ್ವನಿ ಆಚೆ ಹೋಗಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ನಮ್ಮ ಕಂಪನಿಯ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿಯ ನೆಟ್‌ವರ್ಕ್ ಸಿಕ್ಕಿದರೆ ತುರ್ತು ನಂಬರ್ 112ಕ್ಕೆ ಕರೆ ಹೋಗುತ್ತದೆ. ಅಲ್ಲಿ ಯಾವುದೂ ಇರಲಿಲ್ಲ. ಎಡಗಾಲು ಪಾದದ ಗಂಟಿನ ಹತ್ತಿರ ಊದಿ ಶೂ ಬಿಗಿಯಾಗಿತ್ತು. ಟೇಪಿನ ಚೂಪು ತುದಿ ಅಂಗೈ ಸೀಳಿತ್ತು, ಅದಕ್ಕೆ ಕರ್ಚೀಫ್ ಕಟ್ಟಿಕೊಂಡೆ. ಕೂಗಿ ಕೂಗಿ ಗಂಟಲು ಕಟ್ಟಿತು. ಸೀಟಿ ಇರಲಿಲ್ಲ. ಹತ್ತಿಪ್ಪತ್ತು ರೂಪಾಯಿಯ ಸೀಟಿ.

ಕೊನೆಗೆ ನೀರಿನ ಸ್ಟೀಲ್ ಬಾಟಲಿಗೆ ಕಲ್ಲಿನಿಂದ ಬಡಿಯಲು ಶುರು ಮಾಡಿದೆ. ಬೆಟ್ಟ ಹತ್ತುವವರ ಲೆಕ್ಕ ಒಂದು ನೆನಪಿತ್ತು. ಒಂದು ನಿಮಿಷದಲ್ಲಿ ಆರು ಸಲ, ಆಮೇಲೆ ಒಂದು ನಿಮಿಷ ಸುಮ್ಮನಿರಬೇಕು, ಮತ್ತೆ ಆರು ಸಲ. ಹಾಗೆಯೇ ಎಷ್ಟು ಹೊತ್ತು ಬಡಿದೆನೋ ಗೊತ್ತಿಲ್ಲ. ಮೇಲೆ ಲಂಟಾನ ಅಲ್ಲಾಡಿತು. ಮೊದಲು ಒಂದು ಆಡು ಇಣುಕಿತು, ಅದರ ಹಿಂದೆ ಒಂದು ಮುಖ.

"ಕ್ವಾರಿ ನಿಂತು ಏಳೆಂಟು ವರ್ಸ ಆಯ್ತು, ಯಾರಪ್ಪ ಕಲ್ಲು ಹೊಡೀತಾವ್ರೆ ಅಂತ ಬಂದೆ" ಅಂದರು ಅಜ್ಜಿ. ನಾನು ಎದ್ದು ನಿಲ್ಲಲು ನೋಡಿದೆ. "ಅಲ್ಲಾಡ್‌ಬ್ಯಾಡ ಕಣ್ ಮಗ. ಹಂಗೇ ಕುಂತ್ಕೋ. ನಮ್ ಹುಡುಗನ್ನ ಕರ್ಕಂಬತ್ತೀನಿ. ಹೋದ್ ವರ್ಸ ನಮ್ಮವೇ ಎರಡು ಮರಿ ಇಲ್ಲೇ ಬಿದ್ದೋದ್ವು."

ಅವರ ಮೊಮ್ಮಗ ಮತ್ತು ಇನ್ನೂ ಮೂವರು ಬಾವಿ ಹಗ್ಗ ತಂದು ನನ್ನನ್ನು ಮೇಲೆತ್ತಿದರು. ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಅದರ ಮೇಲೆ ಮಲಗಿಸಿ ರಸ್ತೆಗೆ ತಂದರು. ಆಗ ಎರಡೂವರೆ ಗಂಟೆ. ನಮ್ಮ ಗುಂಪು ಒಂದು ಗಂಟೆಗೇ ನರಿಗಳನ್ನು ಎತ್ತಿಕೊಂಡು, ಊಟ ಮುಗಿಸಿ ಬೆಂಗಳೂರಿಗೆ ಹೊರಟು ಹೋಗಿತ್ತು.

ನನಗೆ ಹೆಚ್ಚು ನೋವಾದದ್ದು ಇದಕ್ಕೆ. ಬೆಳಿಗ್ಗೆ ಬಿಡುವಾಗ ಯಾರೂ ಹೆಸರು ಬರೆದುಕೊಂಡಿರಲಿಲ್ಲ. ವಾಪಸ್ ಬಂದವರ ತಲೆ ಎಣಿಸಿರಲಿಲ್ಲ. ನನ್ನ ಸ್ಕೂಟರ್ ಊರೊಳಗಿನ ಹುಣಸೆ ಮರದ ಕೆಳಗೆ ಇತ್ತು, ಅವರ ಕಾರುಗಳು ಇನ್ನೊಂದು ಬದಿಗೆ. ಸಂಜೆ ಆಸ್ಪತ್ರೆಯಿಂದ ಫೋನ್ ಮಾಡಿದಾಗ ಒಬ್ಬರು ಅತ್ತೇಬಿಟ್ಟರು. "ಬೇಗ ಹೊರಡ್ತೀನಿ ಅಂದಿದ್ದೆಯಲ್ಲ, ಮನೆಗೆ ಹೋಗಿರ್ತೀಯ ಅಂದ್ಕೊಂಡ್ವಿ ಕಣೋ" ಅಂದರು. ನಾನು ಹಾಗೆ ಅಂದಿದ್ದು ನಿಜ. ಆದರೆ ಅಂದುಕೊಳ್ಳುವುದು ಬೇರೆ, ಎಣಿಸುವುದು ಬೇರೆ ಅಲ್ವಾ?

ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿದ್ದಾಗ ಅವತ್ತಿನ ಒಂದೊಂದು ಬೇರಿಂಗನ್ನೂ (ಕಂಪಾಸಿನಲ್ಲಿ ಅಳೆದ ದಿಕ್ಕನ್ನು) ಪ್ರಿಂಟಿನ ಮೇಲೆ ಮತ್ತೆ ಎಳೆದು ನೋಡಿದೆ. ಮೂರು ಜಾಗದಿಂದ ಎಳೆದ ಗೆರೆಗಳು ಒಂದು ಕಡೆ ಕೂಡುತ್ತಲೇ ಇರಲಿಲ್ಲ. ಅವತ್ತೇ ಎಳೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನೇರ ಸಿಗ್ನಲ್ ಆದರೆ ನೀವು ಪಕ್ಕಕ್ಕೆ ಐವತ್ತು ಹೆಜ್ಜೆ ಹೋದರೂ ಗೆರೆಗಳು ಹೆಚ್ಚುಕಡಿಮೆ ಒಂದೇ ಜಾಗ ತೋರಿಸುತ್ತವೆ. ಪುಟಿದ ಸಿಗ್ನಲ್ಲಿಗೆ ಆ ನಿಯತ್ತು ಇಲ್ಲ. ನಾಲ್ಕು ಹೆಜ್ಜೆಗೆ ದಿಕ್ಕು ಬದಲಾಗುತ್ತದೆ, ಇಲ್ಲವೇ ಎರಡು ಕಡೆ ಪೀಕ್ ಬರುತ್ತದೆ. ಪೂರ್ವಕ್ಕೆ ಬಂದ ಆ ಎರಡು ಗೆರೆ ಇತ್ತಲ್ಲ, ಅದೇ ನಿಜವಾದ ನರಿ. ನಾನು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಹೀಗೆ ಎರಡು ದಿಕ್ಕು ಬಂದರೆ ದಯವಿಟ್ಟು ನಿಲ್ಲಿ. ಹತ್ತಿರದ ಬಯಲಿಗೋ ಎತ್ತರಕ್ಕೋ ಹೋಗಿ ಮತ್ತೆ ಬೇರಿಂಗ್ ತೆಗೆದುಕೊಳ್ಳಿ. ಐದು ನಿಮಿಷ ಹೋಗುತ್ತದೆ, ಹೋಗಲಿ.

ಇನ್ನೊಂದು ವಿಷಯ ಸಿಕ್ಕಿದ್ದೂ ಆಗಲೇ. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಕಂಪಾಸ್ ಇಟ್ಟು ಹ್ಯಾಂಡಿಯನ್ನು ಮೆಲ್ಲಗೆ ಅದರ ಹತ್ತಿರ ತಂದೆ. ಒಂದು ಗೇಣು ದೂರ ಇರುವಾಗಲೇ ಮುಳ್ಳು ಅಲ್ಲಾಡಿತು. ಮೂರು ಬೆರಳು ದೂರಕ್ಕೆ ಬಂದಾಗ ಉತ್ತರ ಬಿಟ್ಟು ಪೂರ್ತಿ ಪಕ್ಕಕ್ಕೆ ತಿರುಗಿತು. ಹ್ಯಾಂಡಿಯ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಅದನ್ನೇ ಮರೆತಿದ್ದೆ. ಟೇಪೂ ಉಕ್ಕೇ. ಅವತ್ತು ಬೆಳಿಗ್ಗೆಯಿಂದ ನಾನು ಬರೆದುಕೊಂಡ ಒಂದೊಂದು ಡಿಗ್ರಿಯೂ ತಪ್ಪು. ಮೊದಲ ಎರಡು ನರಿ ಬರೀ ಸದ್ದು ಕೇಳಿಕೊಂಡು ಹೋಗಿಯೇ ಸಿಕ್ಕಿದ್ದರಿಂದ ಆ ತಪ್ಪು ಬೆಳಕಿಗೆ ಬಂದಿರಲಿಲ್ಲ. ಕಂಪಾಸನ್ನು ಆಂಟೆನಾಗೆ ಕಟ್ಟಬೇಡಿ. ಆಂಟೆನಾ ತೋರಿಸಿದ ಕಡೆ ದೂರದ ಒಂದು ಮರವನ್ನೋ ಬಂಡೆಯನ್ನೋ ಗುರುತು ಮಾಡಿಕೊಳ್ಳಿ. ಆಮೇಲೆ ಆಂಟೆನಾ, ಹ್ಯಾಂಡಿ ಎರಡನ್ನೂ ನೆಲದ ಮೇಲಿಟ್ಟು, ಎರಡು ಹೆಜ್ಜೆ ದೂರ ಹೋಗಿ ಕಂಪಾಸಿನಿಂದ ಆ ಗುರುತನ್ನು ಅಳೆಯಿರಿ.

ಮೀಟರ್ ತುಂಬಿದ್ದನ್ನು ನೋಡಿ ನರಿ ಇಲ್ಲೇ ಇದೆ ಅಂದುಕೊಂಡದ್ದೂ ತಪ್ಪೇ. ನಮ್ಮ ಹ್ಯಾಂಡಿಗಳ ಮೀಟರ್ ಬೇಗ ತುಂಬಿಬಿಡುತ್ತದೆ, ಆಮೇಲೆ ಯಾವ ಕಡೆ ತಿರುಗಿಸಿದರೂ ತುಂಬಿಯೇ ಇರುತ್ತದೆ. ಸಿಗ್ನಲ್ಲಿನ ಬಲ ತಗ್ಗಿಸುವ ಅಟೆನ್ಯುಯೇಟರ್ ಹಾಕಿಕೊಂಡರೆ ಒಳ್ಳೆಯದು. ಅದಿಲ್ಲದಿದ್ದರೆ ಆಂಟೆನಾ ಬಿಚ್ಚಿ, ಹ್ಯಾಂಡಿಯನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ. ಸಿಗ್ನಲ್ ತೀರಾ ಇಳಿದಾಗ ನರಿ ನಿಮ್ಮ ಬೆನ್ನ ಕಡೆ ಇರುತ್ತದೆ.

ಈಗ ನಮ್ಮ ಗುಂಪಿನಲ್ಲಿ ಬಿಡುವ ಮುಂಚೆ ಹೆಸರು, ಫೋನ್ ನಂಬರ್, ಗಾಡಿ ಎಲ್ಲಿ ನಿಲ್ಲಿಸಿದ್ದಾರೆ ಅನ್ನುವುದನ್ನು ಬರೆಸಿಕೊಳ್ಳುತ್ತೇವೆ. ಹೇಳಿದ ಹೊತ್ತಿಗೆ ಒಬ್ಬರು ಬರದಿದ್ದರೂ ಊಟಕ್ಕೆ ಕೂರುವ ಹಾಗಿಲ್ಲ, ಹುಡುಕಲು ಹೊರಡಬೇಕು. ಮಾತಾಡಲು ಬೇರೆ ಫ್ರೀಕ್ವೆನ್ಸಿ, ಎಲ್ಲರ ಕೊರಳಿಗೂ ಸೀಟಿ. ಹೆಡ್‌ಫೋನ್ ಒಂದೇ ಕಿವಿಗೆ. ನಡೆಯುವಾಗ ಆಂಟೆನಾ ಕೆಳಗೆ, ಸಿಗ್ನಲ್ ನೋಡುವಾಗ ಕಾಲು ನಿಂತಿರಬೇಕು. ಎರಡೂ ಒಟ್ಟಿಗೆ ಬೇಡ.

ಫೆಬ್ರವರಿಯಲ್ಲಿ ಕೋಲು ಹಿಡಿದುಕೊಂಡು ಅಜ್ಜಿಯನ್ನು ನೋಡಲು ಹೋಗಿದ್ದೆ. ಒಂದು ಸೀರೆ, ಒಂದಿಷ್ಟು ಹಣ್ಣು ತೆಗೆದುಕೊಂಡು ಹೋಗಿದ್ದೆ. ಅವರು ಕಾಫಿ ಕೊಟ್ಟು, ನನ್ನ ಪ್ರಿಂಟನ್ನು ಒಂದು ಗಳಿಗೆ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಜಗುಲಿಯಿಂದಲೇ ಕೈ ತೋರಿಸಿ, ನೀಲಗಿರಿ ತೋಪಿನ ಹಿಂದೆ ಇನ್ನೊಂದು ಗುಂಡಿ ಇದೆ, ಮಾರಮ್ಮನ ಗುಡಿ ದಾಟಿದ ಮೇಲೆ ಮತ್ತೊಂದು ಇದೆ ಅಂದರು. ನಮ್ಮ ಎರಡನೇ ನರಿ ಇದ್ದದ್ದು ಅದೇ ತೋಪಿನಲ್ಲಿ. ಮೊಮ್ಮಗನ ಜೊತೆ ಹೋಗಿ ಎರಡನ್ನೂ ದೂರದಿಂದ ನೋಡಿ ಗುರುತು ಮಾಡಿಕೊಂಡು ಬಂದಿದ್ದೇನೆ. ಆ ಕಡೆ ಆಡಲು ಹೋಗುವವರು ಮೊದಲು ನನ್ನನ್ನು ಕೇಳಿ, ಮೂರು ಜಾಗದ ಗುರುತನ್ನೂ ಕೊಡುತ್ತೇನೆ. ಬೇರೆ ಊರಿಗೆ ಹೋಗುವವರು ನರಿ ಇಡುವ ಮುಂಚೆ ಅಲ್ಲಿ ಆಡು ಮೇಯಿಸುವವರನ್ನು ಹುಡುಕಿ ಕೇಳಿ.