1959ರ ನಾಲ್ಕು ಆಲ್ಬಮ್, ನಾಲ್ಕು ವಾರ, ನಡುವೆ ಒಂದಿಷ್ಟು ಫುಟ್‌ಬಾಲ್

ಜಾಝ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ಹದಿನೈದು ವರ್ಷದಿಂದ ನನ್ನದು ಒಂದೇ ಉತ್ತರ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’. ಯೋಚನೆ ಮಾಡಿ ಹೇಳಿದ್ದಲ್ಲ. ಎಲ್ಲರೂ ಹಾಗೇ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಕಂಠೀರವ ಸ್ಟೇಡಿಯಂಗೆ ನನ್ನ ಜೊತೆ ಬೆಂಗಳೂರು ಎಫ್‌ಸಿ ಮ್ಯಾಚ್ ನೋಡಲು ಬರುವ ಪುತ್ತೂರಿನ ಗೆಳೆಯನಿಗೂ ಅದನ್ನೇ ಹೇಳಿದೆ. ಮುಂದಿನ ಮ್ಯಾಚಿಗೆ ಬಂದವನು, “ಚಂದ ಉಂಟು ಮಾರಾಯ, ಲ್ಯಾಪ್‌ಟಾಪಲ್ಲಿ ಕೆಲಸ ಮಾಡುವಾಗ ಹಾಕಿಕೊಳ್ಳಲಿಕ್ಕೆ ಒಳ್ಳೇದು” ಅಂದ. ಅವನು ಹೊಗಳಿದ್ದೇ. ನನಗೆ ಮಾತ್ರ ಚುಚ್ಚಿತು. ಅದರಲ್ಲಿ ಸ್ಯಾಕ್ಸಫೋನ್ ಹಿಡಿದ ಜಾನ್ ಕಾಲ್ಟ್ರೇನ್ ಜೀವ ತೇದು ಊದಿದ್ದು ಇವನ ಎಕ್ಸೆಲ್ ಶೀಟಿಗೆ ಹಿನ್ನೆಲೆ ಸಂಗೀತ!

ಅವನ ತಪ್ಪಾ, ನನ್ನ ತಪ್ಪಾ ಅಂತ ಪರೀಕ್ಷೆ ಮಾಡೋಣ ಅನ್ನಿಸಿತು. 1959 ಜಾಝ್‌ನಲ್ಲಿ ವಿಚಿತ್ರ ವರ್ಷ. ‘ಕೈಂಡ್ ಆಫ್ ಬ್ಲೂ’ ಜೊತೆಗೆ ಪಿಯಾನೊ ವಾದಕ ಡೇವ್ ಬ್ರೂಬೆಕ್‌ನ ‘ಟೈಮ್ ಔಟ್’, ಬೇಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ನುಡಿಸುವ ಚಾರ್ಲ್ಸ್ ಮಿಂಗಸ್‌ನ ‘ಮಿಂಗಸ್ ಆ ಅಮ್’, ಸ್ಯಾಕ್ಸಫೋನಿನ ಆರ್ನೆಟ್ ಕೋಲ್ಮನ್‌ನ ‘ದ ಶೇಪ್ ಆಫ್ ಜಾಝ್ ಟು ಕಮ್’ ಎಲ್ಲವೂ ಅದೇ ವರ್ಷದ್ದು. ಮೊದಲ ಮೂರೂ ಕೊಲಂಬಿಯಾ ಕಂಪನಿಯವು. ಮೂರೂ ನ್ಯೂಯಾರ್ಕಿನ 30ನೇ ಬೀದಿಯ ಒಂದೇ ಸ್ಟುಡಿಯೋದಲ್ಲಿ ರೆಕಾರ್ಡ್ ಆದವು. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ, ಸೂರು ತುಂಬಾ ಎತ್ತರ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಮೈಲ್ಸ್ ಬಂದು ಹೋದ, ಮೇ ತಿಂಗಳಲ್ಲಿ ಮಿಂಗಸ್, ಜೂನ್ ಕೊನೆಯಿಂದ ಬ್ರೂಬೆಕ್. ಒಂದೇ ಮೈದಾನದಲ್ಲಿ ಮೂರು ತಂಡ ಆಡಿದ ಹಾಗೆ. ಕೋಲ್ಮನ್ ಮಾತ್ರ ಹೊರಗಿನವನು. ಅವನದು ಅಟ್ಲಾಂಟಿಕ್ ಕಂಪನಿ, ರೆಕಾರ್ಡ್ ಆಗಿದ್ದು ಹಾಲಿವುಡ್‌ನಲ್ಲಿ.

ಒಂದು ಆಲ್ಬಮ್‌ಗೆ ಒಂದು ವಾರ. ರಾತ್ರಿ ದೀಪ ಆರಿಸಿ ಹೆಡ್‌ಫೋನ್‌ನಲ್ಲಿ, ಬೆಳಗ್ಗೆ ಅಡುಗೆಮನೆಯ ಸ್ಪೀಕರಲ್ಲಿ, ಮತ್ತೆ ಮ್ಯಾಚ್ ಇದ್ದ ದಿನ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್‌ವರೆಗೆ. ಮನೆಯಲ್ಲಿ ಅಪ್ಪ ಮೃದಂಗ ಕಲಿತವರು, ಅಮ್ಮ ಭಜನಾ ಮಂಡಳಿಯವರು. ಇಬ್ಬರಿಗೂ ಜಾಝ್ ಅಂದರೆ ‘ಆ ಗಲಾಟೆ’. ಸ್ಯಾಕ್ಸಫೋನ್ ಅಂದರೆ ಕದ್ರಿ ಗೋಪಾಲನಾಥ್ ಅವರು, ಅಷ್ಟೇ. (ಅದೇ ಕದ್ರಿಯವರು ರುದ್ರೇಶ್ ಮಹಾಂತಪ್ಪ ಅನ್ನೋ ಅಮೆರಿಕದ ಜಾಝ್ ವಾದಕನ ಜೊತೆ 2008ರಲ್ಲಿ ‘ಕಿನ್ಸ್‌ಮೆನ್’ ಆಲ್ಬಮ್ ಮಾಡಿದರು ಅಂತ ಹೇಳಿದರೆ ಅಪ್ಪ ಈಗಲೂ ನಂಬಲ್ಲ.) ಇಂಥ ತೀರ್ಪುಗಾರರು ಮನೆಯಲ್ಲೇ ಇರುವಾಗ ಬೇರೆಯವರು ಯಾಕೆ?

ಮೊದಲ ವಾರ ಮೈಲ್ಸ್. ರಾತ್ರಿಯ ಹೆಡ್‌ಫೋನ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ, ಇದರಲ್ಲಿ ಚರ್ಚೆಯೇ ಬೇಡ. ‘ಸೋ ವಾಟ್’ನಲ್ಲಿ ಪಾಲ್ ಚೇಂಬರ್ಸ್‌ನ ಬೇಸ್ ಕೇಳುತ್ತೆ, ಎರಡೇ ಸ್ವರದಲ್ಲಿ ಉಳಿದವರು ಉತ್ತರ ಕೊಡುತ್ತಾರೆ, ಆಮೇಲೆ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ಏಟು ಕೊಟ್ಟು ಮೈಲ್ಸ್‌ಗೆ ದಾರಿ ಬಿಡುತ್ತಾನೆ. ಆ ಏಟು ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತೆ. ಆದರೆ ಅದು ಕರಗಿ ಹೋಗುವುದನ್ನು ಕೇಳಲೆಂದೇ ನಾನು ಎಷ್ಟೋ ಸಲ ಹಿಂದಕ್ಕೆ ತಿರುಗಿಸಿದ್ದೇನೆ.

ಅಪ್ಪನ ಕಿವಿಗೆ ಬಿದ್ದದ್ದು ಬೇರೆ. ಚಿಕ್ಕಪ್ಪ ಎಂಬತ್ತರ ದಶಕದಲ್ಲಿ ದುಬೈನಿಂದ ತಂದ ಕ್ಯಾಸೆಟ್ ಇನ್ನೂ ಮನೆಯಲ್ಲಿದೆ. ಅದನ್ನೂ ಹಾಕಿದೆ. ಅಪ್ಪ ಸುಮ್ನೆ ಎದ್ದು ಹೋಗಿ ಶ್ರುತಿಪೆಟ್ಟಿಗೆ ತಂದರು. ಎರಡನೇ ಮನೆಗೆ ಇಟ್ಟರು (ಶ್ರುತಿಯ ಎತ್ತರಕ್ಕೆ ‘ಮನೆ’ ಅನ್ನುತ್ತಾರೆ). ಕೂಡಲಿಲ್ಲ. ಎರಡೂವರೆಗೂ ಕೂಡಲಿಲ್ಲ. “ನಿನ್ನ ಪ್ಲೇಯರ್ ಕೆಟ್ಟಿದೆ, ಜೋರಾಗಿ ಓಡ್ತಿದೆ” ಅಂದರು. ಕ್ಯಾಸೆಟ್ ತಿರುಗಿಸಿ ಎರಡನೇ ಕಡೆಯ ‘ಆಲ್ ಬ್ಲೂಸ್’ ಹಾಕಿದೆ. ಐದನೇ ಮನೆಗೆ ಕರಾರುವಾಕ್ಕಾಗಿ ಕೂಡಿತು. “ಪ್ಲೇಯರ್ ಕೆಟ್ಟಿದ್ರೆ ಎರಡೂ ಕಡೆ ಕೆಡಬೇಕಲ್ಲ?” ಅಂತ ಅವರೇ ತಲೆ ಕೆರೆದುಕೊಂಡರು.

ಅವರ ಕಿವಿ ಸರಿಯಾಗಿಯೇ ಇತ್ತು. ಮೊದಲ ಕಡೆಯ ಮೂರು ಹಾಡು ರೆಕಾರ್ಡ್ ಆಗಿದ್ದು 1959ರ ಮಾರ್ಚ್ 2ರಂದು. ಆ ದಿನ ಟೇಪ್ ಯಂತ್ರ ಒಂಚೂರು ನಿಧಾನಕ್ಕೆ ಓಡಿತ್ತು. ಸರಿಯಾದ ವೇಗದ ಯಂತ್ರದಲ್ಲಿ ಹಾಕಿದರೆ ಶ್ರುತಿ ಏರುತ್ತೆ. ಏಪ್ರಿಲ್ 22ರ ಎರಡನೇ ಕಡೆಗೆ ಆ ತೊಂದರೆ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತೆಲ್ಲ ಆ ಏರು ಶ್ರುತಿಯಲ್ಲೇ ಕೇಳಿತು. ಸರಿ ಮಾಡಿದ್ದು 1992ರಲ್ಲಿ. ಫೋನಲ್ಲಿ ಹೊಸ ಆವೃತ್ತಿ ಹಾಕಿದರೆ ‘ಸೋ ವಾಟ್’ ಎರಡನೇ ಮನೆಯಲ್ಲಿ ಸರಿಯಾಗಿ ಕೂತಿತು. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಹಳೆಯದರಲ್ಲಿ ಒಂದು ಚುರುಕಿದೆ, ಹೊಸದು ಸ್ವಲ್ಪ ಆರಾಮ. ನನಗೆ ಹಳೆಯದೇ ಇಷ್ಟ. ಅಪ್ಪನ ಎದುರು ಹೇಳುವ ಧೈರ್ಯ ಇಲ್ಲ.

ಸ್ವರ ಎಲ್ಲ ಖರಹರಪ್ರಿಯ ರಾಗದ್ದೇ ಅಂತ ಅಪ್ಪ ಕೂಡಲೇ ಹಿಡಿದರು. ನಿಜ, ಅದಕ್ಕೆ ಅಲ್ಲಿ ಡೋರಿಯನ್ ಅನ್ನುತ್ತಾರೆ. ಹದಿನಾರು ಆವರ್ತ ಅದರಲ್ಲಿ ಇದ್ದು, ಎಂಟು ಆವರ್ತ ಷಡ್ಜವನ್ನೇ ಅರ್ಧ ಮನೆ ಮೇಲಕ್ಕೆತ್ತಿ, ಮತ್ತೆ ಎಂಟು ಆವರ್ತ ಕೆಳಗೆ. ಆ ಎತ್ತಿದ ಜಾಗ ಬಂದಾಗಲೆಲ್ಲ ಅಪ್ಪ ಮುಖ ಕಿವುಚುತ್ತಿದ್ದರು. “ಸ್ವರ ಇದೆ, ರಾಗ ಇಲ್ಲ” ಅಂತ ತೀರ್ಪು ಕೊಟ್ಟು ಎದ್ದರು.

ಅಡುಗೆಮನೆಯಲ್ಲಿ ಮೈಲ್ಸ್ ಸೋತ. ಒಗ್ಗರಣೆಯ ಸದ್ದಿಗೆ ಬಿಲ್ ಇವಾನ್ಸ್‌ನ ಪಿಯಾನೊ ಮಾಯ. ಮೆಟ್ರೋದಲ್ಲೂ ಅಷ್ಟೇ. ಒಟ್ಟು 45 ನಿಮಿಷ ಚಿಲ್ಲರೆ, ಅಂದರೆ ಇಂಜುರಿ ಟೈಮ್ ಸೇರಿ ಫುಟ್‌ಬಾಲ್‌ನ ಒಂದು ಹಾಫ್. ಆಟವೂ ಹಾಗೇ ಇದೆ. 2011ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 3-1ರಿಂದ ಗೆದ್ದ ಬಾರ್ಸಿಲೋನಾ ನೆನಪಿದೆಯಲ್ವಾ? ಅದರ ಮಿಡ್‌ಫೀಲ್ಡರ್ ಬುಸ್ಕೆಟ್ಸ್ ಓಡಿದ್ದೇ ಕಾಣಲಿಲ್ಲ, ಚೆಂಡು ಮಾತ್ರ ಅವನ ಹತ್ತಿರವೇ ಇತ್ತು. ಮೈಲ್ಸ್ ಊದುವುದು ಹಾಗೆ. ಗಮನ ಇಟ್ಟವನಿಗೆ ಹಬ್ಬ, ಇಲ್ಲದವನಿಗೆ ಜೋಗುಳ. ನನ್ನ ಗೆಳೆಯನಿಗೆ ಆಗಿದ್ದೂ ಅದೇ.

ಎರಡನೇ ವಾರ ಬ್ರೂಬೆಕ್. ಇಲ್ಲಿ ಅಪ್ಪ ಪಾರ್ಟಿ ಬದಲಿಸಿದರು. ‘ಬ್ಲೂ ರೊಂಡೊ ಅಲಾ ಟರ್ಕ್’ ಶುರುವಾಗಿ ಹತ್ತು ಸೆಕೆಂಡಿಗೆ ತೊಡೆಯ ಮೇಲೆ ಬೆರಳು ಓಡತೊಡಗಿತು. ತಕಧಿಮಿ ತಕತಕಿಟ. ಒಂಬತ್ತು ಅಕ್ಷರ. ಮೂರು ಸಲ ಹಾಗೆ ಬಂದು ನಾಲ್ಕನೇ ಸಲ ತಕಿಟ ತಕಿಟ ತಕಿಟ ಅಂತ ಒಡೆಯುತ್ತೆ. ಮೊದಲ ಸಲ ಅಪ್ಪನ ಬೆರಳು ಅಲ್ಲಿ ಎಡವಿತು, ಎರಡನೇ ಸಲ ಹಿಡಿದರು, ಮೂರನೇ ಸಲ ನಕ್ಕರು. ಬ್ರೂಬೆಕ್ 1958ರಲ್ಲಿ ಅಮೆರಿಕ ಸರ್ಕಾರದ ಪ್ರವಾಸದಲ್ಲಿ ಟರ್ಕಿಯ ಬೀದಿ ವಾದ್ಯಗಾರರಿಂದ ಈ ಲಯ ಕೇಳಿಕೊಂಡದ್ದು. ಅದೇ ಪ್ರವಾಸದಲ್ಲಿ ಅವನ ತಂಡ ಇಂಡಿಯಾಕ್ಕೂ ಬಂದಿತ್ತು.

‘ಟೇಕ್ ಫೈವ್’ ಐದಕ್ಷರದ್ದು ಅಂತ ಎಲ್ಲರಿಗೂ ಗೊತ್ತು. ಖಂಡ ಛಾಪು ಅಂತ ತಾಳ ಹಾಕಲು ಹೋದರೆ ಕೈ ತಪ್ಪುತ್ತೆ. ನಮ್ಮದು ಎರಡು ಮತ್ತೆ ಮೂರು, ಅದು ಮೂರು ಮತ್ತೆ ಎರಡು. ಜೋ ಮೊರೆಲ್ಲೊ ಡ್ರಮ್ಸ್ ಬಿಚ್ಚಿಕೊಂಡಾಗ ಬ್ರೂಬೆಕ್ ಪಿಯಾನೊದಲ್ಲಿ ಅದೇ ಐದಕ್ಷರವನ್ನು ಬಿಡದೆ ಹಿಡಿದುಕೊಂಡು ಕೂರುತ್ತಾನೆ. ಮೃದಂಗದ ತನಿ ಆವರ್ತನಕ್ಕೆ ಯಾರೋ ತಾಳ ಹಾಕುತ್ತಾ ಕೂತಂತೆ. ಅಂದಹಾಗೆ, ಅದನ್ನು ಬರೆದದ್ದು ಬ್ರೂಬೆಕ್ ಅಲ್ಲ, ಸ್ಯಾಕ್ಸಫೋನಿನ ಪಾಲ್ ಡೆಸ್ಮಂಡ್. ಅದರ ರಾಯಲ್ಟಿಯನ್ನು ಅವನು ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟು ಹೋದ.

ಮೆಟ್ರೋಗೆ ಇದಕ್ಕಿಂತ ಒಳ್ಳೆ ಆಲ್ಬಮ್ ಇಲ್ಲ. ಆದರೆ ವಾರದ ಕೊನೆಗೆ ನನಗೆ ಸಾಕಾಯಿತು. ತಾಲೀಮು ಮಾಡಿದ ಕಾರ್ನರ್ ಕಿಕ್ ಇದ್ದ ಹಾಗೆ. ಒಬ್ಬ ಹತ್ತಿರದ ಕಂಬಕ್ಕೆ ಓಡುತ್ತಾನೆ, ಇನ್ನೊಬ್ಬ ತಡೆಯುತ್ತಾನೆ, ಮೂರನೆಯವನು ತಲೆ ಕೊಡುತ್ತಾನೆ. ಮೊದಲ ಸಲ ಬೆರಗು. ಆರನೇ ಸಲ ಎಲ್ಲಿ ಓಡುತ್ತಾರೆ ಅಂತ ನಮಗೂ ಗೊತ್ತಿರುತ್ತೆ.

ಮಿಂಗಸ್ ವಾರದ ಕತೆಯೇ ಬೇರೆ. ಬೆಳಗ್ಗೆ ಏಳೂವರೆಗೆ ಅಡುಗೆಮನೆಯಲ್ಲಿ ‘ಬೆಟರ್ ಗಿಟ್ ಇಟ್ ಇನ್ ಯುವರ್ ಸೋಲ್’ ಹಾಕಿದೆ. ಬೇಸ್ ಒಂಟಿಯಾಗಿ ಗೊಣಗುತ್ತಾ ಬರುತ್ತೆ, ಟ್ರಂಬೋನ್ ಸೇರುತ್ತೆ, ಆಮೇಲೆ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತಾರೆ. ಹಿಂದಿನಿಂದ ಮಿಂಗಸ್ ಕೂಗುತ್ತಾನೆ. ನಡುವೆ ಒಂದು ಕಡೆ ವಾದ್ಯಗಳೆಲ್ಲ ನಿಂತು ಬರೀ ಚಪ್ಪಾಳೆ ಮತ್ತು ಡ್ರಮ್ಸ್ ಮೇಲೆ ಬೂಕರ್ ಅರ್ವಿನ್‌ನ ಸ್ಯಾಕ್ಸಫೋನ್ ಮಾತ್ರ. ದೋಸೆ ಹುಯ್ಯುತ್ತಿದ್ದ ಅಮ್ಮ ಸೌಟು ಹಿಡಿದೇ ತಿರುಗಿ, “ಇದ್ಯಾವ ಭಜನೆ?” ಅಂದರು.

ನಾನು ಬೆಚ್ಚಿದೆ, ಯಾಕೆಂದರೆ ಅದು ಭಜನೆಯೇ. ಮಿಂಗಸ್ ಚಿಕ್ಕವನಿದ್ದಾಗ ಮಲತಾಯಿಯ ಜೊತೆ ಹೋಗುತ್ತಿದ್ದ ಚರ್ಚಿನಲ್ಲಿ ಕೇಳಿದ ಕೂಗು, ಚಪ್ಪಾಳೆ ಅದು. ಅಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಆ ದಿನ ಒಂದು ದೋಸೆ ಸೀದಿತು.

ಹಾಗಂತ ಇಡೀ ಆಲ್ಬಮ್ ಗಲಾಟೆ ಅಲ್ಲ. ಸ್ಯಾಕ್ಸಫೋನ್ ವಾದಕ ಲೆಸ್ಟರ್ ಯಂಗ್ 1959ರ ಮಾರ್ಚ್‌ನಲ್ಲಿ ತೀರಿಕೊಂಡ. ಎರಡು ತಿಂಗಳೊಳಗೆ ಮಿಂಗಸ್ ಅವನಿಗಾಗಿ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ರೆಕಾರ್ಡ್ ಮಾಡಿದ. ರಾತ್ರಿ ಹೆಡ್‌ಫೋನ್‌ನಲ್ಲಿ ಮೈಲ್ಸ್‌ಗೆ ಸರಿಸಾಟಿಯಾಗಿ ನಿಂತದ್ದು ಇದೊಂದೇ. ಇನ್ನು ‘ಫೇಬಲ್ಸ್ ಆಫ್ ಫಾಬಸ್’. 1957ರಲ್ಲಿ ಲಿಟಲ್ ರಾಕ್‌ನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಕಾಲಿಡದಂತೆ ಸೈನಿಕರನ್ನು ನಿಲ್ಲಿಸಿದ ಗವರ್ನರ್ ಫಾಬಸ್‌ನನ್ನು ಲೇವಡಿ ಮಾಡುವ ಹಾಡು. ಈ ಆಲ್ಬಮ್‌ನಲ್ಲಿ ಬರೀ ವಾದ್ಯ. ಬೈಗುಳದ ಮಾತುಗಳು ಬಂದದ್ದು 1960ರಲ್ಲಿ ಬೇರೆ ಕಂಪನಿಗೆ ಮತ್ತೆ ರೆಕಾರ್ಡ್ ಮಾಡಿದಾಗ. ಆದರೂ ಮಾತಿಲ್ಲದ ಈ ಫಾಬಸ್ಸೇ ನನಗೆ ಜಾಸ್ತಿ ತಮಾಷೆ. ಹೊಟ್ಟೆ ಮುಂದೆ ಹಾಕಿಕೊಂಡು ಒಬ್ಬ ದೊಡ್ಡ ಮನುಷ್ಯ ನಡೆದು ಬರುವುದು ಟ್ರಂಬೋನ್‌ನಲ್ಲೇ ಕಾಣುತ್ತೆ.

ಆ ವಾರ ಕಂಠೀರವದಲ್ಲಿ ಮ್ಯಾಚ್ ಇತ್ತು. ಬೆಂಗಳೂರು ಅಭಿಮಾನಿಗಳ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಮ್ಯಾಚ್ ನೋಡಿದವರಿಗೆ ಗೊತ್ತು, ಅಲ್ಲಿ ಒಬ್ಬ ಬೆನ್ನು ತಿರುಗಿಸಿ ನಮ್ಮ ಕಡೆ ನೋಡುತ್ತಾ ನಿಲ್ಲುತ್ತಾನೆ. ಅವನಿಗೆ ಆಟ ಕಾಣಲ್ಲ. ಅವನು ಕೂಗಿದರೆ ನಾವು ಕೂಗುತ್ತೇವೆ, ಚಪ್ಪಾಳೆಯ ವೇಗ ಅವನದ್ದು. 2016ರ ಅಕ್ಟೋಬರ್‌ನಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿದ ರಾತ್ರಿ, ಚೆಟ್ರಿ ಎರಡು ಗೋಲು ಹೊಡೆದಾಗ ಅಲ್ಲಿ ಎದ್ದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಮಿಂಗಸ್‌ನ ಕೂಗು ಆ ಜಾತಿಯದ್ದು. ಬೇರೆ ಮೂರು ಆಲ್ಬಮ್‌ಗಳಲ್ಲಿ ನಾನು ಆಟಗಾರರನ್ನು ನೋಡುತ್ತೇನೆ. ಇಲ್ಲಿ ಸ್ಟ್ಯಾಂಡಿನೊಳಗೆ ನಿಂತಿರುತ್ತೇನೆ.

ಲೈವ್ ಆಗಿ ಹೋಲಿಸಿ ನೋಡುವ ಆಸೆಯೂ ಇತ್ತು. ಇಂದಿರಾನಗರದ ಸಣ್ಣ ಜಾಗವೊಂದರಲ್ಲಿ ನಾಲ್ಕು ಜನರ ತಂಡದ ಕಾರ್ಯಕ್ರಮಕ್ಕೆ ಹೋದೆ. ‘ಸೋ ವಾಟ್’ ನುಡಿಸಿದಾಗ ಪಕ್ಕದ ಮೇಜಿನವರು ಸೈಟ್ ರೇಟಿನ ಬಗ್ಗೆ ಮಾತಾಡುತ್ತಿದ್ದರು. ‘ಟೇಕ್ ಫೈವ್’ಗೆ ಎಲ್ಲರ ಫೋನೂ ಮೇಲೆ ಬಂತು. ಬಿಡುವಿನಲ್ಲಿ ಬೇಸ್ ನುಡಿಸುವವನ ಹತ್ತಿರ ಹೋಗಿ ಮಿಂಗಸ್ ಕೇಳಿದೆ. “ಊದೋರು ಒಬ್ಬರೇ ಇದ್ದಾರೆ ಸಾರ್, ಅದಕ್ಕೆ ಮೂರ್ನಾಲ್ಕು ಜನ ಬೇಕು” ಅಂತ ನಕ್ಕ. ಇದು ಮಿಂಗಸ್‌ನ ತೊಂದರೆ. ಮೈಲ್ಸ್, ಬ್ರೂಬೆಕ್ ಎಲ್ಲಿ ಬೇಕಾದರೂ ಸಿಗುತ್ತಾರೆ, ಅವನು ಸಿಗಲ್ಲ.

ಕೋಲ್ಮನ್ ಬಗ್ಗೆ ಜಾಸ್ತಿ ಹೇಳಲ್ಲ, ಯಾಕೆಂದರೆ ಮನೆಯಲ್ಲಿ ಎರಡೇ ದಿನಕ್ಕೆ ನಿಷೇಧವಾಯಿತು. ಪ್ಲಾಸ್ಟಿಕ್ ಸ್ಯಾಕ್ಸಫೋನ್, ಪಿಯಾನೊ ಇಲ್ಲವೇ ಇಲ್ಲ, ಆಧಾರಕ್ಕೆ ಹಿಡಿದುಕೊಳ್ಳಲು ಕಾರ್ಡ್ ಅನ್ನುವ ಸ್ವರಗುಚ್ಛಗಳೂ ಇಲ್ಲ. 1974ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಕ್ರೈಫ್‌ನ ನೆದರ್‌ಲೆಂಡ್ಸ್ ತಂಡದಲ್ಲಿ ಬ್ಯಾಕ್ ಆಡುವವನು ಮುಂದೆ ಬಂದರೆ ಮುಂದಿನವನು ಹಿಂದೆ ಹೋಗುತ್ತಿದ್ದನಲ್ಲ, ಹಾಗೆ. ಮ್ಯೂನಿಕ್ ಫೈನಲ್‌ನಲ್ಲಿ ಜರ್ಮನ್ನರು ಚೆಂಡು ಮುಟ್ಟುವ ಮೊದಲೇ ಡಚ್ಚರಿಗೆ ಪೆನಾಲ್ಟಿ ಸಿಕ್ಕಿತು, ಗೋಲೂ ಆಯಿತು, ಕೊನೆಗೆ 2-1ರಿಂದ ಸೋತರು. ‘ಲೋನ್ಲಿ ವುಮನ್’ ಮಾತ್ರ ನನ್ನನ್ನು ಬಿಡುತ್ತಿಲ್ಲ. ಕೆಳಗೆ ಬೇಸ್, ಡ್ರಮ್ಸ್ ಓಡುತ್ತಿರುತ್ತವೆ, ಮೇಲೆ ರಾಗ ಅವಸರವೇ ಇಲ್ಲದೆ ಅಳುತ್ತೆ. ಗೋಲಿಲ್ಲದ ಡ್ರಾ ನೋಡಿ ವಾಪಸ್ ಬರುವಾಗ ಮೆಟ್ರೋದಲ್ಲಿ ಕೇಳಿದೆ. ಇಳಿಯಬೇಕಾದ ಸ್ಟೇಷನ್ ದಾಟಿ ಹೋಯಿತು. ಹಾಗಂತ ಹೊಸಬರಿಗೆ ಮೊದಲು ಇದನ್ನು ಕೊಡಬೇಡಿ, ನಿಮ್ಮ ಜೊತೆ ಮಾತು ಬಿಡುತ್ತಾರೆ.

ಈಗ ಯಾರಾದರೂ ಎಲ್ಲಿಂದ ಶುರು ಮಾಡಲಿ ಅಂದರೆ ನನ್ನ ಉತ್ತರ ಮಿಂಗಸ್. ತಾಳ ಗೊತ್ತಿರುವವರಿಗೆ ಬ್ರೂಬೆಕ್. ಮೈಲ್ಸ್ ಆರು ತಿಂಗಳು ಬಿಟ್ಟು, ರಾತ್ರಿ, ಒಬ್ಬರೇ ಇರುವಾಗ. ‘ಕೈಂಡ್ ಆಫ್ ಬ್ಲೂ’ ಇವೆಲ್ಲಕ್ಕಿಂತ ದೊಡ್ಡ ಆಲ್ಬಮ್ ಅಂತ ನಾನು ಇವತ್ತಿಗೂ ಒಪ್ಪುತ್ತೇನೆ. ದೊಡ್ಡದು ಅಂತ ಮೊದಲ ದಿನವೇ ಯಾಕೆ ಬಡಿಸಬೇಕು?

ಪುತ್ತೂರಿನ ಗೆಳೆಯನಿಗೂ ‘ಮಿಂಗಸ್ ಆ ಅಮ್’ ಕಳಿಸಿದೆ. ಎರಡು ದಿನ ಸುದ್ದಿ ಇಲ್ಲ. ಮೂರನೇ ದಿನ ಆಫೀಸಿನಿಂದಲೇ ಫೋನ್ ಮಾಡಿದ.

“ಕೆಲಸವೇ ಆಗಲಿಲ್ಲ ಮಾರಾಯ, ಮೂರು ಸಲ ನಿಲ್ಲಿಸಿದೆ. ಹಿಂದಿನಿಂದ ಬೊಬ್ಬೆ ಹೊಡಿಯುವವ ಯಾರು?”