ನಾಲಿಗೆಗೆ ಅಂಟಿದ ಹಿಂದಿ ತಪ್ಪು ಬಿಡಿಸಲು: ಆ್ಯಪ್, ಆನ್‌ಲೈನ್ ಕ್ಲಾಸ್, ಮೇಲಿನ ಮನೆಯ ಟೀಚರ್

ನನ್ನ ಓಟು ಮೇಲಿನ ಮನೆಯ ಟೀಚರಿಗೆ. ಆ್ಯಪ್‌ಗೆ ವರ್ಷದ ಚಂದಾ 2,800 ರೂಪಾಯಿ, ಆನ್‌ಲೈನ್ ಕ್ಲಾಸಿಗೆ ಮೂರು ತಿಂಗಳಿಗೆ 6,000 ಕಟ್ಟಿದ ಮೇಲೆ ಅವರ ಬಾಗಿಲು ತಟ್ಟಿದೆ. ಮೊದಲೇ ತಟ್ಟಬೇಕಿತ್ತು.

ನಾವು ಭೋಪಾಲಿಗೆ ಬಂದು ಹನ್ನೊಂದು ವರ್ಷ. ಹಿಂದಿ ಸಲೀಸಾಗಿ ಮಾತಾಡುತ್ತೇನೆ, ತಪ್ಪೂ ಅಷ್ಟೇ ಸಲೀಸಾಗಿ ಬರುತ್ತದೆ: ‘ಟ್ರೇನ್ ಆಯಾ’, ‘ಚಾಯ್ ಠಂಡಾ ಹೋ ಗಯಾ’, ‘ಮೈ ರೋಟೀ ಖಾಯಾ’. ಕನ್ನಡದಲ್ಲಿ ರೈಲು ಬಂತು, ಚಹಾ ತಣ್ಣಗಾಯ್ತು, ಎರಡೂ ನಪುಂಸಕ. ಹಿಂದಿಯಲ್ಲಿ ನಪುಂಸಕವೇ ಇಲ್ಲ, ಅವೆರಡೂ ಅಲ್ಲಿ ಹೆಣ್ಣು: ‘ಆಯೀ’, ‘ಠಂಡೀ’ ಅನ್ನಬೇಕು. ರೋಟಿಯೂ ಹೆಣ್ಣೇ, ಜೊತೆಗೆ ಅಲ್ಲಿ ‘ಮೈ’ಗೆ ‘ನೆ’ ಸೇರಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಬರೆದು ತೋರಿಸು ಅಂದರೆ ಸರಿಯಾಗಿ ಬರೆಯುತ್ತೇನೆ. ಮಾತಿಗೆ ನಿಂತಾಗ ಹಳೆಯದೇ ಬರುತ್ತದೆ. ಕೇಳಿದವರಿಗೆ ಅರ್ಥವಾಗುತ್ತದೆ, ಹಾಗಾಗಿ ಯಾರೂ ತಿದ್ದುವುದಿಲ್ಲ. ಹೀಗೆ ತಪ್ಪು ಕಲ್ಲಾಗಿ ಕೂರುವುದನ್ನು ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ 1972ರಲ್ಲೇ ‘ಫಾಸಿಲೈಸೇಶನ್’ ಎಂದು ಕರೆದಿದ್ದರು.

ಆ್ಯಪ್‌ನಲ್ಲಿ ಮೈಕ್ ಒತ್ತಿ ಮಾತಾಡುವ ಪಾಠಗಳಿದ್ದವು. ಎರಡು ತಿಂಗಳು ಹಸಿರು ಟಿಕ್ ಮೇಲೆ ಟಿಕ್. ಒಂದು ಸಂಜೆ ಪಕ್ಕದಲ್ಲಿ ಕೂತಿದ್ದ ಮಗ, “ಅಪ್ಪಾ, ನೀನು ಠಂಡಾ ಅಂದೆ, ಅದು ಠಂಡೀ ಅಂತ ಬರ್ಕೊಂಡಿದೆ ನೋಡು” ಅಂದ. ಬೇಕಂತಲೇ ತಪ್ಪು ಹೇಳಿ ನೋಡಿದೆ. ಏಳು ಸಲದಲ್ಲಿ ಐದು ಸಲ ಪರದೆ ಮೇಲೆ ಸರಿಯಾದ ವಾಕ್ಯ ಮೂಡಿ ಟಿಕ್ ಬಿತ್ತು.

ದನಿಯನ್ನು ಅಕ್ಷರ ಮಾಡುವ ತಂತ್ರಾಂಶ ಕಿವಿಗೆ ಬಿದ್ದದ್ದನ್ನಷ್ಟೇ ಬರೆಯುವುದಿಲ್ಲ. ‘ಚಾಯ್’ ಆದ ಮೇಲೆ ಜನ ಸಾಮಾನ್ಯವಾಗಿ ಏನು ಹೇಳುತ್ತಾರೋ ಅದರ ಕಡೆಗೆ ವಾಲುತ್ತದೆ. ಮೆಸೇಜ್ ಬರೆಯಲು ಇದು ಒಳ್ಳೆಯದೇ. ತಪ್ಪು ಬಿಡಬೇಕೆಂದು ಕೂತವನಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಎರಡು ತಿಂಗಳು ನನ್ನ ತಪ್ಪಿಗೇ ಶಹಬ್ಬಾಸ್ ಸಿಕ್ಕಿತು ಅಂತ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ದೂರು ಕೊಟ್ಟೆ, ಉತ್ತರ ಬರಲಿಲ್ಲ.

ಆನ್‌ಲೈನ್ ಕ್ಲಾಸಿನ ಮೇಡಂ ಒಳ್ಳೆಯವರು, ಆದರೆ ಮೃದು. ನಾನು ‘ಟ್ರೇನ್ ಆಯಾ’ ಅಂದರೆ ಅವರು “ಅಚ್ಛಾ, ಟ್ರೇನ್ ಆ ಗಯೀ!” ಅಂತ ಮಾತು ಮುಂದುವರಿಸುತ್ತಿದ್ದರು. ಅದು ತಿದ್ದುಪಡಿ ಅಂತ ನನಗೆ ಹೊಳೆಯಲೇ ಇಲ್ಲ. ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿ ಸಂಶೋಧಕರಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಕಂಡದ್ದೂ ಇದನ್ನೇ: ಶಿಕ್ಷಕರು ಅತಿ ಹೆಚ್ಚು ಬಳಸುವುದು ಈ ಮೃದು ದಾರಿ, ಮಕ್ಕಳು ತಾವೇ ತಿದ್ದಿಕೊಳ್ಳುವಂತೆ ಮಾಡುವುದರಲ್ಲಿ ಅದು ತೀರಾ ಹಿಂದೆ.

ಮೇಲಿನ ಮನೆಯವರು ನಿವೃತ್ತ ಹಿಂದಿ ಟೀಚರ್, ಗಂಟೆಗೆ 300. ತಪ್ಪಿದೆನೋ, ಬೆರಳೆತ್ತಿ ಸುಮ್ಮನಾಗುತ್ತಾರೆ. ಸರಿ ಉತ್ತರ ಹೇಳುವುದಿಲ್ಲ, ನಾನೇ ಹುಡುಕಬೇಕು. ಹುಡುಕಿದ ಮೇಲೆ ಅದೇ ಪದದಲ್ಲಿ ಐದು ವಾಕ್ಯ. ತಿಂಗಳಿಗೆ ಒಂದೇ ತಪ್ಪು. ಬೇರೆ ಏನು ತಪ್ಪಿದರೂ ಮುಟ್ಟುವುದಿಲ್ಲ. ‘ಚಾಯ್’ ಅಂತ ಒಂಟಿಯಾಗಿ ಕಲಿಯಬೇಡಿ, ‘ಠಂಡೀ ಚಾಯ್’, ‘ಲಂಬೀ ಟ್ರೇನ್’ ಅಂತ ಜೋಡಿಯಾಗಿ ಬಾಯಿಗೆ ಹಾಕಿಕೊಳ್ಳಿ ಅಂದರು. ಬೈಕಿನಲ್ಲಿ ಆಫೀಸಿಗೆ ಹೋಗುವ ನಲವತ್ತು ನಿಮಿಷ ಅದನ್ನೇ ಹೇಳಿಕೊಳ್ಳುತ್ತೇನೆ.

ಮೊದಲ ವಾರ ಕಷ್ಟ. ಮಾತು ತಡವರಿಸುತ್ತದೆ, ಕಿವಿ ಬಿಸಿಯಾಗುತ್ತದೆ. ನಾಚಿಕೆ ಜಾಸ್ತಿ ಇರುವವರಿಗೆ ಆನ್‌ಲೈನ್ ಕ್ಲಾಸೇ ಹಿತವೆನಿಸಬಹುದು. ಹೊಸದಾಗಿ ಪದ ಕಲಿಯುವವರಿಗೆ ಆ್ಯಪ್ ಸಾಕು. ಬರೆಯುವಾಗ ಸರಿಯಿದ್ದು ಮಾತಿನಲ್ಲಿ ತಪ್ಪುವ, ವಾರಕ್ಕೆ 600 ರೂಪಾಯಿ ಎತ್ತಿಡಬಲ್ಲ ನನ್ನಂಥವರಿಗೆ ಆ ಎತ್ತಿದ ಬೆರಳೇ ಸರಿ.

ನಾಲ್ಕು ತಿಂಗಳಾಯಿತು. ಚಾಯ್, ಟ್ರೇನ್, ಗಾಡೀ ನೆಟ್ಟಗಾಗಿವೆ. ಸಿಟ್ಟು ಬಂದಾಗ ಇನ್ನೂ ‘ಮೈ ರೋಟೀ ಖಾಯಾ’ ಬರುತ್ತದೆ. ‘ಮೈನೆ ರೋಟೀ ಖಾಯೀ’ ಮುಂದಿನ ತಿಂಗಳ ಪಾಠ.